ಕೆಂಪವ್ವನಿಗೆ ಹಾರ್ದಿಕ ಅಭಿನಂದನೆಗಳು

ಬ್ಯಾನರಿನ ಒಂದು ತುದಿಯನ್ನು ಮಾಳೇಶ ಬೇವಿನ ಗಿಡಕ್ಕೆ ಬಿಗಿದಿದ್ದ. ಇನ್ನೊಂದು ತುದಿ ಹಿಡಿದು ಸ್ಟೂಲು ಹತ್ತಿದ ಸಾರಿಕಾ ಅದನ್ನು ಲೈಟಿನ ಕಂಬಕ್ಕೆ ಕಟ್ಟಬೇಕೆನ್ನುವಷ್ಟರಲ್ಲಿ ಸುರುಳಿ ತಾನಾಗಿ ಬಿಚ್ಚಿಕೊಂಡಿತು. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹಗ್ಗ ಬಿಟ್ಟು ಸ್ಟೂಲಿನ ಮೇಲೆಯೇ ಕುಕ್ಕರಿಸಿದಳು.

“ಏನಾತ ಬೇ? ತಲಿ ತಿರಗಾಕತ್ತೇನ?” ಎಂದ ಮಾಳೇಶ. ಅವನು ಅವಳ ದೊಡ್ಡಪ್ಪನ ಮಗ.

“ಅಣ್ಣಾ, ಇದನ್ನ ತರೂ ಮುಂದ ಓದಿಯೋ ಇಲ್ಲೋ?”

ಓದಿರಲಿಲ್ಲ. ಚಿಕ್ಕೋಡಿಯಿಂದ ಬೈಕಿನ ಮೇಲೆ ಹಾರಿಸಿಕೊಂಡು ಬಂದವನಿಗೆ ಓದುವ ವ್ಯವಧಾನ ಎಲ್ಲಿಯದು? ಬ್ಯಾನರಿನ ನಡುವೆ ಕೆಂಪವ್ವ ಕೆಂಪು ಕುರ್ಚಿಯ ಮೇಲೆ ಕುಳಿತಿದ್ದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮೇಲೆ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: ‘ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದ ಕುಮಾರಿ ಕೆಂಪವ್ವ ಇವರಿಗೆ ಹಾರ್ದಿಕ ಅಭಿನಂದನೆಗಳು. ಮುಂದಿನ ಭವಿಷ್ಯ ಉಜ್ವಲವಾಗಲಿ.’

ಆ ಕುಮಾರಿ ಕೆಂಪವ್ವ ಎಪ್ಪತ್ತು ದಾಟಿದವಳು. ನಿನ್ನೆ ಸಂಜೆ ಹಾಲು ಹಿಂಡುವ ಹೊತ್ತಿಗೆ ಕಂಬಳಿಯ ಮೇಲೆ ಅಡ್ಡಾದವಳು ಮತ್ತೆ ಏಳಲಿಲ್ಲ. ಈಗ ಬ್ಯಾನರಿನ ಎದುರಿಗೇ, ಮನೆಯ ಕಟ್ಟೆಯ ಮೇಲೆ, ಹಣೆ ತುಂಬ ಭಂಡಾರದ ಅರಿಶಿನ ಬಳಿಸಿಕೊಂಡು, ಗೋಡೆಗೆ ಆನಿಸಿ ಕೂರಿಸಿದಂತೆಯೇ ಕುಳಿತಿದ್ದಳು. ಎದುರಿಗೆ ಭಜನೆಯವರು ತಾಳ ಕುಟ್ಟುತ್ತಿದ್ದರು.

ತಪ್ಪು ಮಾಳೇಶನದೇ. ಕೆಂಪವ್ವನ ಫೋಟೋ ಅಂತ ಇದ್ದದ್ದು ಜಗತ್ತಿನಲ್ಲಿ ಒಂದೇ. ಫೆಬ್ರವರಿಯಲ್ಲಿ ಸಾರಿಕಾ ಓದುತ್ತಿದ್ದ ಹೈಸ್ಕೂಲಿನಲ್ಲಿ ನಡೆದ ಹತ್ತನೇ ವರ್ಗದ ಬೀಳ್ಕೊಡುಗೆಯಲ್ಲಿ ತೆಗೆದದ್ದು. ಅದನ್ನೇ ಅವನು ಬ್ಯಾನರಿನ ಅಂಗಡಿಗೆ ಕಳಿಸಿ, ಕೆಳಗೆ ಹೆಸರು ಬರೆದ. ‘ನಿಧನ’ ಎಂದು ಬರೆಯಲು ಹೆಬ್ಬೆರಳು ಏಳಲಿಲ್ಲ. ‘ಅರ್ಜಂಟ್ ಬೇಕ್ರಿ’ ಎಂದಷ್ಟೇ ಬರೆದು ಕಣ್ಣು ಒರೆಸಿಕೊಂಡ. ಅಂಗಡಿಯಲ್ಲಿ ನೋಡಿದರೆ ಇಂದು ರಿಜಲ್ಟಿನ ದಿನ. ರಿಜಲ್ಟು ಬರುವುದು ಹನ್ನೊಂದೂವರೆಗೆ, ಆದರೆ ಟ್ಯೂಷನ್ನಿನವರು ಅಭಿನಂದನೆಯ ಬ್ಯಾನರುಗಳಿಗೆ ನಿನ್ನೆಯೇ ಹೇಳಿಟ್ಟಿದ್ದರು. ಆ ಗದ್ದಲದಲ್ಲಿ ಫೋಟೋದ ಹಿಂದಿದ್ದ ‘ಹತ್ತನೇ ವರ್ಗ’ ಎಂಬ ಬೋರ್ಡು ಕಂಡಿದೆ. ಅಂಗಡಿಯವನು ಒಳ್ಳೆಯ ಮನುಷ್ಯನಿರಬೇಕು. ಮುದುಕಿಯೊಬ್ಬಳು ಪರೀಕ್ಷೆ ಕಟ್ಟಿ ಪಾಸಾದಳೆಂದು ನಂಬಿದ್ದಷ್ಟೇ ಅಲ್ಲ, ಖುಷಿಗೆ ನಾಲ್ಕು ಮೂಲೆಗೂ ಗುಲಾಬಿ ಹೂವು ಹಾಕಿಕೊಟ್ಟಿದ್ದ.

ಮೊದಲು ನಕ್ಕವಳು ಶುಭಾಂಗಿ. ಓಡಣಿಯನ್ನು ಬಾಯಿಗೆ ತುರುಕಿಕೊಂಡರೂ ನಗೆ ಮೂಗಿನಿಂದ ಹೊರಬಂತು. ಅವಳನ್ನು ನೋಡಿ ನೀಲಮ, ನೀಲಮಳನ್ನು ನೋಡಿ ಮಾಯಾ. ಮೂವರೂ ಸಾರಿಕಾಳ ಜೊತೆಗೇ ಓದಿದವರು. ಬೆಳಗಿನಿಂದ ಅತ್ತು ಅತ್ತು ಗಂಟಲು ಕಟ್ಟಿದ್ದ ಹೆಂಗಸರೂ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿದ್ದುದು ಅಳುವಿಗಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

“ತಗೀರೋ ಅದನ್ನ!” ಎಂದು ಸಾರಿಕಾಳ ಅಪ್ಪ ಭರಮು ಗುಡುಗಿದ. ಕೆಂಪವ್ವ ಅವನ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದು ಇದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳು. “ಮಣ್ಣಿಗೆ ಬಂದ ಮಂದಿ ನಗಾಕತ್ತಾರ.”

“ಏನ ಬರದೈತಿ ಅದರಾಗ?” ಎಂದು ಕೇಳಿದವನು ಬೀರದೇವರ ಗುಡಿಯ ಪೂಜಾರಿ ಮುತ್ಯಾ. ಶುಭಾಂಗಿ ಒಂದೇ ಉಸಿರಿಗೆ ಓದಿ ಹೇಳಿದಳು.

“ಪಾಸಾಗ್ಯಾಳ ಅಂತನ? ಇರ್ಲಿ ಬಿಡೋ ಭರಮಾ. ಮೂರ ವರ್ಷ ಸಾಲಿಗೆ ನಡದಾಳ, ಪಾಸಾಗದ ಏನ!”

“ಅಕಿದಲ್ಲೋ ಮುತ್ಯಾ, ಇವರದೈತಿ ಇವತ್ತ,” ಎಂದು ಭರಮು ಹುಡುಗಿಯರ ಕಡೆ ಕೈ ಮಾಡಿದ. “ಹನ್ನೊಂದೂವರಿಗೆ ತಿಳೀತೈತಿ ಯಾರ ಪಾಸ, ಯಾರ ಫೇಲ.”

“ಹೌದಪಾ. ಕುಣಿಗೆ ಇಳಿಸೂ ಮುಂದ ಆ ಮಾತು ತೀರಬೇಕು. ಭಂಡಾರ ಮುಟ್ಟಿ ಆಡೀರಿ ನೀನೂ ಅಕಿನೂ.”

ಬ್ಯಾನರು ಉಳಿಯಿತು. ಸಾರಿಕಾಳ ನಗೆ ಮಾತ್ರ ಅಲ್ಲೇ ನಿಂತುಹೋಯಿತು.

*

ಮೂರು ವರ್ಷದ ಹಿಂದೆ ಇದೇ ನಾಲ್ವರು ವಸ್ತಿಯ ಶಾಲೆಯಲ್ಲಿ ಏಳನೆಯ ವರ್ಗ ಮುಗಿಸಿದಾಗ ಭರಮು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

“ಎಂಟನೇತ್ತಾ ಬ್ಯಾಡ. ಊರಾಗಿನ ಹೈಸ್ಕೂಲಿಗೆ ಹೋಗೂದಂದ್ರ ನಾಕ ಕಿಲೋಮೀಟರ ಕಬ್ಬಿನ್ಯಾಗ ನಡೀಬೇಕು. ಆ ಕಬ್ಬಿನ್ಯಾಗ ಆನಿ ನಿಂತ್ರೂ ಕಾಣೂದಿಲ್ಲ.”

ಮಾತು ಸುಳ್ಳಲ್ಲ. ಕುರುಬರ ಹನ್ನೆರಡು ಮನೆಯ ಆ ವಸ್ತಿಯ ಸುತ್ತ, ಹೈಸ್ಕೂಲಿದ್ದ ಕಬ್ಬೂರಿನ ತನಕ ಕಬ್ಬೇ ಕಬ್ಬು. ಕಾಲುದಾರಿಯ ಎರಡೂ ಬದಿಗೆ ಗೋಡೆ ಎದ್ದ ಹಾಗೆ. ಭರಮು ಊರಿಗೆ ಹೋಗುವುದು ಡಾಂಬರು ರಸ್ತೆಯಲ್ಲಿ ಸುತ್ತಿ, ಬೈಕಿನ ಮೇಲೆ. ಆ ಬೈಕಿಗೆ ಹಾಲಿನ ಕ್ಯಾನು ಹತ್ತುತ್ತಿದ್ದವೇ ಹೊರತು ಹುಡುಗಿಯರಲ್ಲ.

“ನನ್ನ ಆಡ ಹೆಂಗೂ ಆ ಕಡೇನ ಮೇಯಾಕ ಹೋಗತಾವ,” ಎಂದಳು ಕೆಂಪವ್ವ. “ಹುಡುಗ್ಯಾರು ನನ್ನ ಹಿಂದ ಬರ್ಲಿ.”

ಅವಳ ಆಡುಗಳು ಆ ಕಡೆಗೆ ಜನ್ಮದಲ್ಲಿ ಹೋದದ್ದಿಲ್ಲ ಎಂದು ಇಡೀ ವಸ್ತಿಗೆ ಗೊತ್ತಿತ್ತು. ಆದರೆ ಅವಳಿಗೆ ಎದುರಾಡಿ ಗೆದ್ದವರು ಆ ಹನ್ನೆರಡು ಮನೆಗಳಲ್ಲಿ ಇರಲಿಲ್ಲ.

ಸಂಜೆ ಗುಡಿಯಲ್ಲಿ ಪೂಜಾರಿ ಮುತ್ಯಾ ಇಬ್ಬರ ಮುಂದೆಯೂ ಭಂಡಾರದ ತಟ್ಟೆ ಹಿಡಿದ. ನಾಲ್ವರೂ ಹತ್ತನೆಯ ವರ್ಗ ಪಾಸಾದರೆ ವಸ್ತಿಯ ಮುಂದಿನ ಹುಡುಗಿಯರನ್ನೂ ಹೈಸ್ಕೂಲಿಗೆ ಕಳಿಸಬೇಕು. ಒಬ್ಬಳು ಹಿಂದೆ ಉಳಿದರೂ ಆ ದಾರಿ ಬಂದ್. ಭರಮು ಭಂಡಾರ ಮುಟ್ಟಿದ. ಕೆಂಪವ್ವ ಮುಟ್ಟಿದವಳೇ ಉಳಿದದ್ದನ್ನು ನಾಲ್ವರ ಹಣೆಗೂ ಒತ್ತಿ, “ನಾಳೆ ಕೋಳಿ ಕೂಗೂದ್ರಾಗ ತಯಾರಾಗಿರ್ರಿ” ಎಂದಳು. ಆವಾಗ ಸಾರಿಕಾಳ ತಂಗಿ ದಾನೇಶ್ವರಿ ನಾಲ್ಕನೆಯ ವರ್ಗದಲ್ಲಿದ್ದಳು. ಈಗ ಅವಳೂ ಅವಳ ಇಬ್ಬರು ಗೆಳತಿಯರೂ ಏಳು ಮುಗಿಸಿ ಕುಳಿತಿದ್ದಾರೆ.

*

“ಕೋಳಿ ಕೂಗೂದ್ರಾಗ ಅಂದ್ರ ಖರೇನ ಕೋಳಿ ಕೂಗೂದ್ರಾಗ ಹೊಂಡಸ್ತಿದ್ಲಲ್ಲ ಲೇ ಆಯಿ!” ಎಂದಳು ನೀಲಮ. ನಾಲ್ವರೂ ಹಿತ್ತಿಲ ನೆರಳಲ್ಲಿ ಚೆಂಡುಹೂವಿನ ಹಾರ ಪೋಣಿಸುತ್ತಿದ್ದರು. ಕೆಂಪವ್ವ ಇಡೀ ವಸ್ತಿಗೆ ಆಯಿ, ಅಜ್ಜಿ.

“ಮಾಡ ಕವಿದ ದಿನಾ ಕೇಳಬ್ಯಾಡ,” ಎಂದಳು ಮಾಯಾ. “ಸೂರ್ಯಾ ಕಾಣದಿದ್ರ ಅಕಿಗಿ ಹೊತ್ತs ತಿಳೀತಿರ್ಲಿಲ್ಲ. ಎಂಟನೇತ್ತದಾಗ ಒಂದಿನಾ ಆರೂವರಿಗೆ ಸಾಲಿ ಮುಂದ ನಿಂತಿದ್ದಿವಿ. ಸಿಪಾಯಿ ಇನ್ನಾ ಹಾಸಗಿ ಬಿಟ್ಟ ಎದ್ದಿರ್ಲಿಲ್ಲ.”

“ಆ ಕರೀ ಮಣ್ಣಿಂದು ಹೇಳಲೇ,” ಎಂದು ಶುಭಾಂಗಿ ದಾರ ಕೆಳಗಿಟ್ಟು ತಾನೇ ಶುರು ಮಾಡಿದಳು. ಒಂಬತ್ತನೆಯ ವರ್ಗದ ಕಿಟಕಿಯ ಹೊರಗೆ ಹುಣಸೆ ಮರ, ಮರದ ಕೆಳಗೆ ಆಯಿ. ಸಮಾಜದ ಸರ್ ಕಪ್ಪು ಮಣ್ಣಿನ ಲಕ್ಷಣ ಕೇಳಿದರೆ ಇಡೀ ವರ್ಗ ನೆಲ ನೋಡುತ್ತಿತ್ತು. ಹೊರಗಿನಿಂದ ದನಿ ಬಂತು: “ಬ್ಯಾಸಗ್ಯಾಗ ಬಿರಕ ಬಿಡತೈತ್ರಿ ಸರ್, ಮಳ್ಯಾಗ ಕಾಲ ಹಿಡೀತೈತ್ರಿ!” ಸರ್ ಹಲಗೆಯ ಮೇಲೆ ಅದನ್ನೇ ಬರೆದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದು ಎಲ್ಲರಿಗೂ ಪೂರ್ತಿ ಮಾರ್ಕು.

“ಮತ್ತ ಅಕಿ ಆಡು ನನ್ನ ಸೈನ್ಸ್ ರೆಕಾರ್ಡ ತಿಂದದ್ದು?” ಎಂದಳು ಮಾಯಾ.

“ಬರೇ ಹೃದಯದ ಚಿತ್ರ ತಿಂದಿತ್ತು, ಉಳದದ್ದು ಬಿಟ್ಟಿತ್ತು. ಸುಳ್ಳ ಯಾಕ ಹೇಳ್ತಿ?”

ಸತ್ತ ಮನೆಯಲ್ಲಿ ಇಷ್ಟು ನಗಬಾರದು ಎಂದು ಅವರಿಗೂ ತಿಳಿದಿತ್ತು. ಆದರೆ ಮೂರು ವರ್ಷ ಒಟ್ಟಿಗೇ ಉಕ್ಕಿ ಬರುತ್ತಿದ್ದವು, ತಡೆಯುವುದು ಹೇಗೆ? ಬೀಳ್ಕೊಡುಗೆಯ ದಿನ ಹುಡುಗಿಯರನ್ನು ಕರೆದೊಯ್ಯಲು ಬಂದ ಆಯಿಯನ್ನು ಫೋಟೋದವನು ಯಾರೋ ಮುಖ್ಯ ಅತಿಥಿ ಎಂದು ತಿಳಿದು ನಡುವಿನ ಕುರ್ಚಿಗೆ ಕೂರಿಸಿದ್ದ. ಹೆಡ್‌ಮಾಸ್ತರರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿದ್ದರು. ಅಂದು ದಾರಿಯುದ್ದಕ್ಕೂ ಆಯಿ, “ಕುರ್ಚಿ ಬಾಳ ಮೆತ್ತಗ ಇತ್ತ ಬೇ” ಎನ್ನುತ್ತಲೇ ಬಂದಿದ್ದಳು.

ದಾನೇಶ್ವರಿ ಬಂದು ಅಕ್ಕನ ಹೆಗಲಿಗೆ ಗದ್ದ ಊರಿದಳು. “ಅಕ್ಕಾ, ನೀ ಪಾಸಾಗ್ತಿ ಅಲ?”

ಸಾರಿಕಾಳಿಗೆ ಸೂಜಿ ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ತಂಗಿಯ ತಲೆ ಸವರಿದಳು.

*

ಅವಳಿಗೆ ಗೊತ್ತಿತ್ತು. ಮಾರ್ಚಿನಲ್ಲಿ ಗಣಿತದ ಪರೀಕ್ಷೆ ಮುಗಿಸಿ ಹೊರಬಂದಾಗ ಉಳಿದವರು ಉತ್ತರ ತಾಳೆ ನೋಡುತ್ತಿದ್ದರೆ ಅವಳು ಹುಣಸೆ ಮರದ ಹಿಂದೆ ಹೋಗಿ ಅತ್ತಿದ್ದಳು. ದೊಡ್ಡ ಲೆಕ್ಕಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಆಯಿ ಬಂದು ಪಕ್ಕದಲ್ಲಿ ಕುಳಿತಳು.

“ಹೋತೇನ?”

“ಹೋತ ಆಯಿ. ಎಲ್ಲಾ ನನ್ನಿಂದ ಕೆಡತೈತಿ. ದಾನಿನೂ ಮನ್ಯಾಗ ಕುಂದ್ರತಾಳ.”

ಆಯಿ ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಕೋಲಿನಿಂದ ಒಂದು ಆಡನ್ನು ಹತ್ತಿರಕ್ಕೆ ತಿರುಗಿಸಿ, “ಬ್ಯಾರೇದರಾಗ?” ಎಂದು ಕೇಳಿದಳು.

“ಬ್ಯಾರೇದರಾಗ ಆಗತೇನಿ.”

“ಹಂಗಾರ ಉಳದದ್ದಕ್ಕ ಇನ್ನೊಮ್ಮಿ ನಡ್ಯೂಣು. ನನ್ನ ಕಾಲಿಗೇನ ಧಾಡಿ ಆಗೈತಿ?” ಎಂದು ಎದ್ದು ಸೀರೆ ಝಾಡಿಸಿಕೊಂಡಳು. “ಮನ್ಯಾಗ ಈಗ ಬಾಯಿ ಬಿಡಬ್ಯಾಡ. ರಿಜಲ್ಟ ಬರಲಿ, ನಿಮ್ಮಪ್ಪನ್ನ ನಾ ನೋಡ್ಕೋತೇನಿ.”

ನೋಡಿಕೊಳ್ಳುತ್ತೇನೆ ಎಂದವಳು ರಿಜಲ್ಟಿನ ಹಿಂದಿನ ಸಂಜೆಯೇ ಹೊರಟುಹೋದಳು. ಸಾರಿಕಾಳಿಗೆ ದುಃಖದ ಜೊತೆಗೆ ಸಿಟ್ಟೂ ಬರುತ್ತಿತ್ತು. ಒಂದೇ ಒಂದು ದಿನ ತಡೆಯಬಾರದಾಗಿತ್ತೆ?

*

ವಯಸ್ಸಾಗಿ ಹೋದವರ ಮಣ್ಣೆಂದರೆ ಆ ಕಡೆ ಮೆರವಣಿಗೆಯೇ. ಮುಂದೆ ಡೊಳ್ಳು, ಹಿಂದೆ ಭಜನೆ, ನಡುವೆ ಶೃಂಗರಿಸಿದ ಕುರ್ಚಿಯಲ್ಲಿ ಕೆಂಪವ್ವ. ಹುಡುಗರು ಮುಷ್ಟಿ ಮುಷ್ಟಿ ಭಂಡಾರ ಎರಚಿ ದಾರಿಯನ್ನೇ ಹಳದಿ ಮಾಡಿದ್ದರು. ಹೊಲದ ಬದುವಿನಲ್ಲಿ ತೋಡಿದ ಕುಣಿಯ ಹತ್ತಿರ ಬಂದಾಗ ಹನ್ನೊಂದೂವರೆ ಆಗಿಹೋಗಿತ್ತು. ಭರಮು ಡೊಳ್ಳಿನವರಿಗೆ ಕೈ ಎತ್ತಿದ. ಸದ್ದು ನಿಂತಿತು.

“ನೋಡ್ರಿ ಫೋನು,” ಎಂದ ಪೂಜಾರಿ ಮುತ್ಯಾ.

ನೋಡುವುದೇನು, ಪರದೆಯ ಮೇಲೆ ಬರೀ ಗಾಲಿ ತಿರುಗುತ್ತಿತ್ತು. ನಾಡಿನ ಮಕ್ಕಳೆಲ್ಲ ಒಂದೇ ಬಾಗಿಲು ಬಡಿಯುವಾಗ ಈ ವಸ್ತಿಯ ನಾಲ್ವರಿಗೆ ಅದು ಬೇಗ ತೆರೆದೀತೆ? ಮಾಳೇಶ ಫೋನು ಹಿಡಿದು ಬದುವಿನ ಮೇಲೆ ಹತ್ತಿದ, ಇಳಿದ, ಮಾವಿನ ಗಿಡವನ್ನೂ ಹತ್ತಿದ. ಜನರೆಲ್ಲ ಕತ್ತು ಎತ್ತಿ ಅವನನ್ನೇ ನೋಡುತ್ತಿದ್ದರು. ಬಿಸಿಲು ನೆತ್ತಿಗೆ ಏರುತ್ತಿತ್ತು. ಕೊನೆಗೆ ಸಾರಿಕಾಳ ಕೈಯಲ್ಲಿದ್ದ ಅಪ್ಪನ ಫೋನು ಟಣ್ ಎಂದಿತು. ಗಣಿತದ ರಾಜಾರಾಮ ಸರ್ ಶಾಲೆಯಿಂದ ನಾಲ್ವರ ರಿಜಲ್ಟೂ ತೆಗೆದು ಕಳಿಸಿದ್ದರು.

ಅವಳು ನೋಡಿದಳು. ಪಕ್ಕದಲ್ಲಿದ್ದ ನೀಲಮಳೂ ಬಗ್ಗಿ ನೋಡಿದಳು. ನೋಡಿದವಳೇ ಸಾರಿಕಾಳ ಮುಂಗೈ ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಉಸುರಿದಳು.

“ನಾಕೂ ಪಾಸ ಅಂತ ಹೇಳ. ಯಾರಿಗೆ ಗೊತ್ತಾಗತೈತಿ? ಮಣ್ಣ ಬಿದ್ರ ಮುಗೀತು, ಮಾತು ತೀರಿಹೋಗತೈತಿ.”

ಅದೂ ನಿಜವೇ. ಅಪ್ಪನಿಗೆ ಓದಲು ಬರುವುದಿಲ್ಲ. ಎದುರಿಗೆ ದಾನೇಶ್ವರಿ ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದಳು. ಒಂದು ಶಬ್ದ ಸಾಕಿತ್ತು. ಸಾರಿಕಾ ಬಾಯಿ ತೆರೆದಳು, ಆಯಿಯ ಮುಖ ಕಂಡಿತು. ಆ ಮುಖದ ಮುಂದೆ ಅವಳು ಇಲ್ಲಿಯವರೆಗೆ ಒಂದು ಸುಳ್ಳೂ ಹೇಳಿರಲಿಲ್ಲ. ಕಲಿಯಲು ಇಂದು ಒಳ್ಳೆಯ ದಿನವೂ ಆಗಿರಲಿಲ್ಲ.

“ಶುಭಾಂಗಿ ಐನೂರಾ ಎಪ್ಪತ್ತೆರಡು!” ಎಂದು ಕೂಗಿದಳು.

ಜನ ಹೋ ಎಂದರು. ಡೊಳ್ಳಿನವನೊಬ್ಬ ತಡೆಯಲಾರದೆ ಒಂದು ಏಟು ಹಾಕಿಯೇಬಿಟ್ಟ.

“ನೀಲಮ ನಾನೂರಾ ಮೂವತ್ತೊಂದು! ಮಾಯಾ ಮುನ್ನೂರಾ ತೊಂಬತ್ತು!” ಭಂಡಾರ ಮೇಲಕ್ಕೆ ಹಾರಿತು. ಆ ವಸ್ತಿಯಲ್ಲಿ ಅಲ್ಲಿಯವರೆಗೆ ಹೆಣ್ಣುಮಗಳೊಬ್ಬಳು ಹತ್ತನೆಯ ವರ್ಗ ದಾಟಿದ್ದಿಲ್ಲ. ಈಗ ಒಂದೇ ಉಸಿರಿಗೆ ಮೂವರು. ಮಾಯಾಳ ಅವ್ವ ಕುಣಿಯ ಅಂಚಿನಲ್ಲೇ ಮಗಳನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು.

“ಸಾರಿಕಾ...” ಎಂದು ಅವಳು ತನ್ನ ಹೆಸರನ್ನು ತಾನೇ ಕರೆದಳು. “ಸಾರಿಕಾ ಗಣಿತದಾಗ ಫೇಲ್. ಮೂರ ಮಾರ್ಕ ಕಡಿಮಿ.”

ಹಾರಿದ ಭಂಡಾರ ಇನ್ನೂ ಕೆಳಗೆ ಇಳಿಯುತ್ತಿತ್ತು. ದಾನೇಶ್ವರಿಯ ಕೈ ಎದೆಯಿಂದ ಕೆಳಗೆ ಜಾರಿತು.

ಪೂಜಾರಿ ಮುತ್ಯಾ ಗಂಟಲು ಸರಿ ಮಾಡಿಕೊಂಡ. “ಆತಪಾ ಭರಮಾ. ಮಾತು ನಿನ್ನ ಕಡೆ ಆತು. ಇಳಸ್ರಿ ಇನ್ನ.”

ಭರಮು ಕುಣಿಯ ಕಡೆ ತಿರುಗಲಿಲ್ಲ. ಮಗಳ ಹತ್ತಿರ ಬಂದು ನಿಂತ. ಹೊಡೆಯುತ್ತಾನೇನೋ ಎಂದು ಸಾರಿಕಾ ಕಣ್ಣು ಮುಚ್ಚಿಕೊಂಡಳು.

“ಯಾಕ ಹೇಳ್ದಿ? ಪಾಸ ಅಂದಿದ್ರ ನಾ ನಂಬತಿದ್ನಲ್ಲಾ.”

“ಆಯಿ ಮುಂದ ಹೆಂಗ ಹೇಳ್ಲೆಪ್ಪಾ ಸುಳ್ಳ?”

ಭರಮು ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದೆ ಹಗ್ಗ, ಕುರ್ಚಿ, ಡೊಳ್ಳು ಎಂದು ಓಡಾಡಿದ್ದ ಮನುಷ್ಯ. ಈಗ ಟವೆಲಿನಿಂದ ಮುಖ ಒರೆಸಿಕೊಂಡ.

“ಇನ್ನೊಮ್ಮಿ ಬರಿಯಾಕ ಬರತೈತೇನ?”

“ಬರತೈತ್ರಿ ಕಾಕಾ!” ಶುಭಾಂಗಿ ನಡುವೆ ನುಗ್ಗಿದಳು. “ಮುಂದಿನ ತಿಂಗಳ ಎರಡನೇ ಪರೀಕ್ಷೆ ಐತ್ರಿ. ಸೋಮವಾರದಿಂದ ಸರ್ ಸಾಲ್ಯಾಗ ಕ್ಲಾಸ್ ತಗೋತಾರ್ರಿ. ಮೂರ ಮಾರ್ಕ ಏನ, ನಾ ಹೇಳಿಕೊಡ್ತೇನ್ರಿ ಅಕಿಗಿ.”

“ಹಂಗಾರ ಮಾತು ಎಲ್ಲಿ ತೀರೈತೋ ಮುತ್ಯಾ?” ಎಂದು ಭರಮು ತಿರುಗಿದ. “ಪಾಸಾಗಬೇಕು ಅಂದಿದ್ದಿವಿ. ಎಷ್ಟನೇ ಸಲಕ್ಕ ಅಂತ ಯಾರರ ಅಂದೇವೇನ?”

ಮುತ್ಯಾ ನೆನಪಿಸಿಕೊಳ್ಳುವವನಂತೆ ಆಕಾಶ ನೋಡಿದ. “ಅಂದಿಲ್ಲ ನೋಡ. ಆದ್ರ ತೀರದ ಮಾತು ಕುಣ್ಯಾಗ ಇಡಾಕ ಬರೂದಿಲ್ಲ. ಕೆಂಪವ್ವನ ಕಡೆಯಿಂದ ಯಾರರ ಅದನ್ನ ಹೊರಬೇಕು. ಹೊತ್ತಾಂವ ಅಕಿ ಮಾಡೂ ಕೆಲಸಾ ಇವತ್ತ ಒಮ್ಮಿ ಮಾಡೇ ಮನಿ ಹೊಗಬೇಕು.”

“ನಾ ಹೊರತೇನಿ.”

“ಆ ಕಡೇನೂ ನೀನ, ಈ ಕಡೇನೂ ನೀನ ಆದ್ರ ಹೆಂಗೋ?”

“ಯಾಕ, ನಾ ಕೆಂಪವ್ವನ ಕಡ್ಯಾಂವ ಅಲ್ಲೇನ?” ಎಂದು ಭರಮು ಚೀರಿದ. “ನನ್ನ ಎತ್ತಿ ಆಡಿಸಿದಾಕಿ ಅಕಿ. ಹಿಡಿ ತಟ್ಟಿ!”

ಯಾರೋ ನಕ್ಕರು, ಯಾರೋ ಅತ್ತರು. ಭರಮು ಭಂಡಾರ ಮುಟ್ಟಿದ. ಡೊಳ್ಳಿನವರು ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಆ ಸದ್ದಿನಲ್ಲೇ ಕೆಂಪವ್ವ ಕುಣಿಗೆ ಇಳಿದಳು. ನಾಲ್ವರು ಹುಡುಗಿಯರು ಒಬ್ಬರ ಹೆಗಲಿಗೊಬ್ಬರು ಕೈ ಹಾಕಿಕೊಂಡು, ಅಳುತ್ತ, ಜಿಗಿಯುತ್ತ ಮುಷ್ಟಿ ಮಣ್ಣು ಹಾಕಿದರು. ಸಾರಿಕಾ ಫೇಲಾದವಳು ಎಂದು ಆಗ ನೋಡಿದವರಿಗೆ ಹೇಳಿದರೂ ನಂಬುತ್ತಿರಲಿಲ್ಲ.

*

ಪಂಪಿನ ನೀರಿಗೆ ತಲೆ ಒಡ್ಡಿ ಬಂದ ಭರಮು ಮನೆಯ ಹೊಸ್ತಿಲು ತುಳಿಯದೆ ಆಡುಗಳ ದೊಡ್ಡಿಯ ಬಾಗಿಲು ತೆಗೆದ. ಹೈಸ್ಕೂಲಿನ ಕಾಲುದಾರಿಯಲ್ಲಿ ಸಾರಿಕಾ ಮುಂದೆ, ದಾನೇಶ್ವರಿ ಮತ್ತವಳ ಇಬ್ಬರು ಗೆಳತಿಯರು ಹಿಂದೆ, ಕೊನೆಗೆ ಒದ್ದೆ ಧೋತರದ ಭರಮು. ಕಬ್ಬು ಕಟಾವಾಗಿ ಕೂಳೆಯ ಚಿಗುರು ಮೊಣಕಾಲೆತ್ತರ ಬಂದಿತ್ತು. ದಾರಿಯಲ್ಲಿ ನೆರಳೆಂಬುದೇ ಇರಲಿಲ್ಲ. ಮೊದಲ ತಿರುವಿನವರೆಗೆ ಅವನು ಆಡುಗಳಿಗೆ ಜೋರಾಗಿ ಕೂಗು ಹಾಕುತ್ತ ನಡೆದ. ಎರಡನೆಯ ತಿರುವಿನಲ್ಲಿ ಕೂಗು ನಿಂತಿತು. ಕಾಲುವೆ ದಾಟುವಷ್ಟರಲ್ಲಿ ಧೋತರ ಒಣಗಿ, ಅಂಗಿ ಬೆವರಿಗೆ ಮತ್ತೆ ಒದ್ದೆಯಾಗಿತ್ತು.

ಬದುವಿನ ಕಲ್ಲಿನ ಮೇಲೆ ಕೈ ಊರಿ ಅವನು ನಿಂತ.

“ಸಾರಿಕಾ, ಇನ್ನಾ ಎಷ್ಟ ದೂರ ಐತಿ?”

“ಇನ್ನಾ ಅರ್ಧಾನೂ ಆಗಿಲ್ಲಪ್ಪಾ.”

ಭರಮು ಮುಂದಿನ ದಾರಿ ನೋಡಿದ, ತಿರುಗಿ ಬಂದ ದಾರಿ ನೋಡಿದ. “ದಿನಾ ಹೋಗಿ ಬರತಿದ್ಲೇನ?” ಎಂದ, ತನಗೆ ತಾನೇ. ಟವೆಲು ಬಿಚ್ಚಿ ತಲೆಗೆ ಸುತ್ತಿಕೊಂಡು ಮತ್ತೆ ಕಾಲು ಎತ್ತಿಟ್ಟ. ಅಷ್ಟರಲ್ಲಿ ದಾನೇಶ್ವರಿ ಓಡುತ್ತ ಅಕ್ಕನನ್ನೂ ಆಡುಗಳನ್ನೂ ದಾಟಿ ಮುಂದೆ ಹೋಗಿಬಿಟ್ಟಿದ್ದಳು.